ಮೂರನೇ ಮಹಡಿಯ ಗರಡಿಮನೆ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂದು ಹಿರಿಯರು ಹೇಳಿದ್ದಾರೆ. ಪಟ್ಟಣದ ಈಗಿನ ಹುಡುಗ ಹುಡುಗಿಯರಿಗಾಗಿ ಈ ಗಾದೆಗೆ ಮೂರನೆಯ ತುಣುಕೊಂದನ್ನು ಜೋಡಿಸಬಹುದು: ಸಹಿ ಹಾಕುವ ಮುನ್ನ ಓದಬಲ್ಲವನಿಗೆ ಕೋರ್ಟು ಕಚೇರಿಯಿಲ್ಲ.

ಬೆಂಗಳೂರು ದಂಡು ಪ್ರದೇಶದ ಕಮರ್ಷಿಯಲ್ ಸ್ಟ್ರೀಟಿಗೆ ಹೋದವರ ಕಣ್ಣು ಸಾಮಾನ್ಯವಾಗಿ ನೆಲಮಟ್ಟದಲ್ಲೇ ಇರುತ್ತದೆ. ಸೀರೆ, ಚೂಡಿದಾರ್, ಚಪ್ಪಲಿ, ಬಳೆ, ಬೆಳ್ಳಿ ಸಾಮಾನು, ಇವುಗಳ ನಡುವೆ ತಲೆ ಎತ್ತಿ ನೋಡಲು ಪುರುಸೊತ್ತಾದರೂ ಎಲ್ಲಿ? ಆದರೆ ಈ ರಸ್ತೆಯಲ್ಲೂ ಇಬ್ರಾಹಿಂ ಸಾಹೇಬ್ ಸ್ಟ್ರೀಟ್, ಡಿಸ್ಪೆನ್ಸರಿ ರಸ್ತೆಯಂಥ ಸುತ್ತಲಿನ ಬೀದಿಗಳಲ್ಲೂ ಜಾಗಕ್ಕೆ ಚಿನ್ನದ ಬೆಲೆ. ಅಂಗಡಿ ಅಡ್ಡಕ್ಕೆ ಬೆಳೆಯಲಾರದೆ ಮೇಲಕ್ಕೆ ಬೆಳೆಯುತ್ತದೆ. ನಗರದ ಇಂಥ ಮಳಿಗೆ ಸಂಕೀರ್ಣಗಳಲ್ಲಿ ನೆಲಮಹಡಿ ಬಟ್ಟೆಗೆ, ಮೊದಲ ಮಹಡಿ ಟೈಲರಿಗೆ. ಅದಕ್ಕೂ ಮೇಲೆ, ಗಿರಾಕಿ ಸುಲಭವಾಗಿ ಹತ್ತದ, ಬಾಡಿಗೆ ಸ್ವಲ್ಪ ಕಡಿಮೆ ಇರುವ ಮಹಡಿಗೆ ಜಿಮ್ ಬಂದು ಕೂರುತ್ತದೆ. ಇಂದಿರಾನಗರ, ಹಲಸೂರು, ಕೆ.ಆರ್. ಪುರ ಎಲ್ಲೆಡೆಯೂ ಇದೇ ಚಿತ್ರ.

ಹದಿನೇಳು ವರ್ಷದ ಪಿಯುಸಿ ಹುಡುಗನೊಬ್ಬ ಅಂಥ ಮೆಟ್ಟಿಲು ಹತ್ತಿದ ಎಂದು ಇಟ್ಟುಕೊಳ್ಳೋಣ. ಕೌಂಟರಿನಲ್ಲಿ ಒಂದು ನಮೂನೆ ಕೊಟ್ಟರು. ಮುಂಭಾಗದಲ್ಲಿ ಹೆಸರು, ವಯಸ್ಸು, ತೂಕ. ಹಿಂಭಾಗದಲ್ಲಿ ಇರುವೆ ಸಾಲಿನಂಥ ಅಕ್ಷರಗಳು. ‘ಕಟ್ಟಿದ ಹಣ ಯಾವ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ. ಇಲ್ಲಿ ಆಗುವ ಗಾಯ, ಅಂಗವೈಕಲ್ಯ, ಸಾವು ಯಾವುದಕ್ಕೂ ಸಂಸ್ಥೆ ಹೊಣೆಯಲ್ಲ.’ ಹುಡುಗ ಅದನ್ನು ಓದಲಿಲ್ಲ, ಸಹಿ ಹಾಕಿದ. ಅಪ್ಪ ಒಂದು ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದರು. ತಿಂಗಳ ನಂತರ ಯಂತ್ರದ ಸವೆದ ತಂತಿ ಹರಿದು ಹುಡುಗನ ಭುಜಕ್ಕೆ ಪೆಟ್ಟಾಯಿತು. ಈಗ ಹೊಣೆ ಯಾರದು? ಜಿಮ್‌ನವರದೇ, ತರಬೇತುದಾರನದೇ, ಯಂತ್ರ ಮಾಡಿದವರದೇ, ಕಟ್ಟಡದ ಮಾಲೀಕರದೇ, ಸಹಿ ಹಾಕಿದ ಹುಡುಗನದೇ?

ಮಣ್ಣಿನ ನೆಲ, ಒಬ್ಬ ಗುರು

ಹಿಂದಿನ ಗರಡಿಮನೆಯಲ್ಲಿ ಈ ಪ್ರಶ್ನೆ ಇಷ್ಟು ಗೋಜಲಾಗಿರಲಿಲ್ಲ. ಬೆಂಗಳೂರು ಪೇಟೆ, ಮೈಸೂರು, ದಾವಣಗೆರೆಗಳ ಗರಡಿಗಳಲ್ಲಿ ಸಾಮು ಮಾಡುವ ಹುಡುಗ ಉಸ್ತಾದನ ಕಣ್ಣಳತೆಯಲ್ಲೇ ಇರುತ್ತಿದ್ದ. ಎಷ್ಟು ದಂಡೆ, ಎಷ್ಟು ಬಸ್ಕಿ, ಯಾವಾಗ ಗದೆ ಮುಟ್ಟಬೇಕು ಎಂಬುದೆಲ್ಲ ಗುರುವಿನ ಮಾತು. ಕಾಲ ಕೆಳಗೆ ಹದ ಮಾಡಿದ ಕೆಂಪು ಮಣ್ಣಿನ ಮಟ್ಟಿ. ಹುಡುಗ ಉಳುಕಿಸಿಕೊಂಡರೆ ಎಣ್ಣೆ ತಿಕ್ಕಿ ಕೂರಿಸುವವನೂ ಅವನೇ, ಮನೆಗೆ ಹೋಗಿ ತಾಯಿಗೆ ಉತ್ತರ ಹೇಳುವವನೂ ಅವನೇ.

ಗರಡಿಗೂ ಆಧುನಿಕ ಜಿಮ್ನೇಸಿಯಮ್ಮಿಗೂ ಸೇತುವೆ ಕಟ್ಟಿದವರು ಬೆಂಗಳೂರಿನ ಪ್ರೊಫೆಸರ್ ಕೆ.ವಿ. ಅಯ್ಯರ್. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಕನ್ನಡಿಗರು ಅವರನ್ನು ಬಲ್ಲರು. ಜೆ.ಸಿ. ರಸ್ತೆಯ ವ್ಯಾಯಾಮಶಾಲೆಯ ಗುರುಗಳೂ ಅವರೇ. ಅಂಚೆಯ ಮೂಲಕ ದೂರದ ಊರುಗಳವರಿಗೂ ಅಂಗಸಾಧನೆ ಕಲಿಸಿದವರು. ಅಲ್ಲಿಯೂ ಒಬ್ಬ ಗುರುವಿನ ಹೆಸರೇ ಸಂಸ್ಥೆಯ ಹೆಸರಾಗಿತ್ತು.

ಇಂದಿನ ಮಹಡಿಯ ಜಿಮ್‌ನಲ್ಲಿ ಆ ಒಂದು ಹೊಣೆ ಐದಾರು ಚೂರಾಗಿದೆ. ಜಾಗ ಒಬ್ಬರದು, ಹೆಸರು ಇನ್ನೊಬ್ಬರದು, ಬಂಡವಾಳ ಮತ್ತೊಬ್ಬರದು, ಯಂತ್ರ ಬೇರೆ ಕಂಪನಿಯದು, ತರಬೇತುದಾರ ದಿನಗೂಲಿಯವನೋ ಗುತ್ತಿಗೆಯವನೋ ಆಗಿರಬಹುದು. ಎಲ್ಲ ಸರಿಯಿರುವಾಗ ಇದು ಯಾರ ಗಮನಕ್ಕೂ ಬರುವುದಿಲ್ಲ. ಅಪಘಾತವಾದ ದಿನ ಮಾತ್ರ ಪ್ರತಿಯೊಬ್ಬರ ಬೆರಳೂ ಪಕ್ಕದವನ ಕಡೆಗೆ ತಿರುಗುತ್ತದೆ.

ಒಂದು ಡಂಬೆಲ್ಲಿನ ಲೆಕ್ಕ

ಮೊದಲು ನೆಲದ ವಿಷಯ. ಇದು ಹೈಸ್ಕೂಲಿನ ಭೌತಶಾಸ್ತ್ರವೇ. 20 ಕಿಲೋ ತೂಕದ ಡಂಬೆಲ್ಲು ಒಂದೂವರೆ ಮೀಟರ್ ಎತ್ತರದಿಂದ ಕೈಜಾರಿತು ಎನ್ನಿ. ರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಅದರ ಶಕ್ತಿ 294 ಜೌಲ್. ಈ ಶಕ್ತಿಯನ್ನು ನೆಲ ಎಷ್ಟು ದೂರದಲ್ಲಿ ನುಂಗುತ್ತದೆ ಎಂಬುದರ ಮೇಲೆ ಪೆಟ್ಟಿನ ಬಲ ನಿಂತಿದೆ. ತೆಳುವಾದ ಹಾಸಿನ ಮೇಲೆ ಬಿದ್ದು 5 ಮಿಲಿಮೀಟರಿನಲ್ಲಿ ನಿಂತರೆ ಸರಾಸರಿ ಬಲ ಸುಮಾರು 6 ಟನ್ ತೂಕಕ್ಕೆ ಸಮ. 25 ಮಿಲಿಮೀಟರ್ ತಗ್ಗುವ ದಪ್ಪ ರಬ್ಬರ್ ಹಾಸಾದರೆ ಅದು 1.2 ಟನ್ನಿಗೆ ಇಳಿಯುತ್ತದೆ. ಸಡಿಲ ಮಣ್ಣು 5 ಸೆಂಟಿಮೀಟರ್ ಒಳಗೆ ಬಿಟ್ಟುಕೊಂಡರೆ ಬರೀ 600 ಕಿಲೋ. ಗರಡಿಯ ಮಟ್ಟಿಯನ್ನು ಹದ ಮಾಡುತ್ತಿದ್ದವರು ಸೂತ್ರ ಬರೆಯಲಿಲ್ಲ, ಆದರೆ ಉತ್ತರ ಅವರಿಗೆ ಗೊತ್ತಿತ್ತು.

ಗರಡಿಯ ಕೆಳಗೆ ಭೂಮಿಯಿತ್ತು. ಮೂರನೇ ಮಹಡಿಯ ಜಿಮ್‌ನ ಕೆಳಗೆ ಇರುವುದು ನಾಲ್ಕೈದು ಅಂಗುಲದ ಕಾಂಕ್ರೀಟ್ ಹಲಗೆ, ಅದರ ಕೆಳಗೆ ಇನ್ನೊಬ್ಬರ ಅಂಗಡಿ. ಕಟ್ಟಡದ ನೆಲ ಎಷ್ಟು ಭಾರ ಹೊರಬೇಕೆಂದು ಭಾರತೀಯ ಮಾನಕ 875ರ ಎರಡನೇ ಭಾಗ (1987) ಹೇಳುತ್ತದೆ. ವಾಸದ ಕೋಣೆಗೆ ಚದರ ಮೀಟರಿಗೆ ಸುಮಾರು 200 ಕಿಲೋ, ಚಿಲ್ಲರೆ ಅಂಗಡಿಗೆ ಸುಮಾರು 400 ಕಿಲೋ. ಬಟ್ಟೆ ಅಂಗಡಿಗೆಂದು ಲೆಕ್ಕ ಹಾಕಿ ಕಟ್ಟಿದ ಮಹಡಿಯನ್ನು ಜಿಮ್‌ಗೆ ಕೊಡುವಾಗ ಕಟ್ಟಡದ ಎಂಜಿನಿಯರನ್ನು ಕೇಳಲೇಬೇಕು. ವಾಸದ ಮನೆಯನ್ನೇ ಜಿಮ್ ಮಾಡಿದರಂತೂ ಹೇಳುವುದೇ ಬೇಡ.

ಈ ಎಚ್ಚರ ಅತಿಯಾದುದೇನಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದ ಸಾಂಪೂಂಗ್ ಡಿಪಾರ್ಟ್‌ಮೆಂಟ್ ಸ್ಟೋರ್ 1995ರ ಜೂನ್ 29ರಂದು ಕುಸಿದು 502 ಜನ ಸತ್ತರು. ಮೂಲ ನಕ್ಷೆಯಲ್ಲಿಲ್ಲದ ಐದನೇ ಮಹಡಿ, ಅಲ್ಲಿ ಹೋಟೆಲುಗಳು, ಮೇಲೆ ಭಾರಿ ಹವಾನಿಯಂತ್ರಣ ಯಂತ್ರಗಳು. ಹೀಗೆ ಬಳಕೆ ಬದಲಾಗುತ್ತ ಭಾರ ಏರುತ್ತ ಹೋಗಿತ್ತು. ಕಂಬಗಳು ಹೊರಲಾರದೆ ಹೋದವು.

ಕುಣಿದವರು 17 ಮಂದಿ, ಅಲುಗಿದ್ದು 39 ಅಂತಸ್ತು

ಅದೇ ಸೋಲ್ ನಗರದಲ್ಲಿ 2011ರ ಜುಲೈ 5ರಂದು ನಡೆದ ಇನ್ನೊಂದು ಸಂಗತಿ ನೇರವಾಗಿ ಜಿಮ್‌ನದೇ. ಟೆಕ್ನೋಮಾರ್ಟ್ ಎಂಬ 39 ಅಂತಸ್ತಿನ ಮಳಿಗೆ ಸಂಕೀರ್ಣದ ಮೇಲಿನ ಮಹಡಿಗಳು ಸುಮಾರು ಹತ್ತು ನಿಮಿಷ ತೂಗಾಡಿದವು. ನೂರಾರು ಜನ ಓಡಿ ಹೊರಬಂದರು, ಕಟ್ಟಡ ಮುಚ್ಚಿತು. ಭೂಕಂಪವಾಗಿರಲಿಲ್ಲ. ಎರಡು ವಾರದ ನಂತರ ತಜ್ಞರು ಪ್ರಯೋಗ ಮಾಡಿ ತೋರಿಸಿದರು: 12ನೇ ಮಹಡಿಯ ಜಿಮ್‌ನಲ್ಲಿ 17 ಮಂದಿ ತಾಳಕ್ಕೆ ಸರಿಯಾಗಿ ಟೇ ಬೋ ಎಂಬ ಕಸರತ್ತು ಮಾಡುತ್ತಿದ್ದರು. ಅವರ ಹೆಜ್ಜೆಯ ಲಯ ಕಟ್ಟಡದ ಸಹಜ ಕಂಪನಕ್ಕೆ ಹೊಂದಿಕೊಂಡಿತ್ತು.

ಇದನ್ನೇ ಅನುರಣನ ಎನ್ನುತ್ತಾರೆ. ಉಯ್ಯಾಲೆಯಲ್ಲಿ ಕೂತ ಮಗುವನ್ನು ಸರಿಯಾದ ಗಳಿಗೆಗೆ ಬೆರಳಿನಿಂದ ತಳ್ಳಿದರೂ ಸಾಕು, ಸ್ವಲ್ಪ ಹೊತ್ತಿಗೆ ಅದು ಆಳೆತ್ತರ ಹಾರುತ್ತದೆ. 1831ರಲ್ಲಿ ಇಂಗ್ಲೆಂಡಿನ ಬ್ರಾಟನ್ ತೂಗುಸೇತುವೆ ಸೈನಿಕರ ಹೆಜ್ಜೆಗೆ ಮುರಿದದ್ದು ಇದರಿಂದಲೇ. ಅಂದಿನಿಂದ ಸೇತುವೆಯ ಮೇಲೆ ಸೈನಿಕರು ಹೆಜ್ಜೆ ತಪ್ಪಿಸಿ ನಡೆಯುತ್ತಾರೆ. ಸೋಲ್‌ನ ಕಟ್ಟಡ ಬೀಳಲಿಲ್ಲ. ಆದರೆ ಜಿಮ್‌ನ ಕುಣಿತ ಜಿಮ್‌ನ ಗೋಡೆಯೊಳಗೇ ಉಳಿಯುವುದಿಲ್ಲ ಎಂಬ ಪಾಠವನ್ನು ಅದು ಕಲಿಸಿತು.

ಹೀಗಾಗಿ ಕೆಳಗಿನ ಅಂಗಡಿಯವರ ಚಾವಣಿ ಬಿರುಕು ಬಿಟ್ಟರೆ, ಗಾಜಿನ ಬೀರುವಿನ ವಸ್ತುಗಳು ನಡುಗಿದರೆ ಅವರು ದೂರುವುದು ಹೊಟ್ಟೆಕಿಚ್ಚಿನಿಂದಲ್ಲ. ಕಾನೂನಿನ ಭಾಷೆಯಲ್ಲಿ ಇದು ಉಪದ್ರವ. ಶಬ್ದಕ್ಕೂ ಮಿತಿಯಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55 ಡೆಸಿಬಲ್. ವಾಸದ ಪ್ರದೇಶದಲ್ಲಿ 55 ಮತ್ತು 45. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಐದು ಗಂಟೆಗೇ ಬಾಗಿಲು ತೆರೆದು ಹಾಡು ಹಚ್ಚುವ ಜಿಮ್‌ಗೆ ಮೊದಲ ಒಂದು ತಾಸು ರಾತ್ರಿಯೇ.

‘ಸಂಸ್ಥೆ ಹೊಣೆಯಲ್ಲ’

ಈಗ ಹುಡುಗ ಸಹಿ ಹಾಕಿದ ಕಾಗದಕ್ಕೆ ಬರೋಣ. ‘ಸಂಸ್ಥೆ ಹೊಣೆಯಲ್ಲ’ ಎಂದು ಅಚ್ಚು ಹಾಕಿಸಿದ ಮಾತ್ರಕ್ಕೆ ಹೊಣೆ ತಪ್ಪುವುದೇ? ಬ್ರಿಟನ್ ಇದಕ್ಕೆ ನೇರ ಉತ್ತರ ಕೊಟ್ಟಿದೆ. ಅಲ್ಲಿನ 1977ರ ಕಾಯಿದೆಯ ಪ್ರಕಾರ ವ್ಯಾಪಾರ ನಡೆಸುವವನು ತನ್ನ ಅಲಕ್ಷ್ಯದಿಂದ ಆಗುವ ಸಾವು ನೋವುಗಳ ಹೊಣೆಯನ್ನು ಯಾವ ಫಲಕದಿಂದಲೂ ಕರಾರಿನಿಂದಲೂ ಕಳಚಿಕೊಳ್ಳಲಾರ. ಭಾರತದಲ್ಲಿ ಅಷ್ಟು ನೇರವಾದ ಕಾಯಿದೆಯಿಲ್ಲ. ಕಾನೂನು ಆಯೋಗ 1984ರ 103ನೇ ವರದಿಯಲ್ಲೂ 2006ರ 199ನೇ ವರದಿಯಲ್ಲೂ ಅನ್ಯಾಯದ ಕರಾರುಗಳ ವಿರುದ್ಧ ಶಾಸನ ಬೇಕೆಂದಿತು.

ಆದರೆ ನಮ್ಮ ನ್ಯಾಯಾಲಯಗಳು ಕೈಕಟ್ಟಿ ಕೂತಿಲ್ಲ. ಬಲಶಾಲಿಯಾದವನು ಬೇರೆ ದಾರಿಯಿಲ್ಲದವನ ಮೇಲೆ ಹೇರಿದ ವಿವೇಚನೆಯಿಲ್ಲದ ಕರಾರು ನಿಲ್ಲದು ಎಂದು ಸುಪ್ರೀಂ ಕೋರ್ಟ್ 1986ರಲ್ಲಿ, ಬ್ರೊಜೊನಾಥ ಗಂಗೂಲಿ ಮೊಕದ್ದಮೆಯಲ್ಲಿ ಹೇಳಿತು. ಜಿಮ್‌ಗೆ ಇನ್ನೂ ಹತ್ತಿರದ್ದು 2019ರ ತೀರ್ಪು. 1998ರಲ್ಲಿ ದಿಲ್ಲಿಯ ತಾಜ್ ಮಹಲ್ ಹೋಟೆಲಿನಲ್ಲಿ ಗಿರಾಕಿಯೊಬ್ಬರು ನಿಲ್ಲಿಸಲು ಕೊಟ್ಟ ಕಾರು ಕಳವಾಯಿತು. ಚೀಟಿಯ ಮೇಲೆ ‘ಮಾಲೀಕರ ಹೊಣೆಯಲ್ಲಿ’ ಎಂದು ಅಚ್ಚಾಗಿದೆಯಲ್ಲ ಎಂದರು ಹೋಟೆಲಿನವರು. ವಾಹನವನ್ನು ವಶಕ್ಕೆ ತೆಗೆದುಕೊಂಡ ಮೇಲೆ ತಮ್ಮ ಅಲಕ್ಷ್ಯವನ್ನು ಆ ಅಕ್ಷರಗಳ ಹಿಂದೆ ಮುಚ್ಚಿಡಲಾಗದು ಎಂದಿತು ಸುಪ್ರೀಂ ಕೋರ್ಟ್. ಕಾರಿಗೆ ಸಲ್ಲುವ ನ್ಯಾಯ ಭುಜಕ್ಕೆ ಸಲ್ಲಬಾರದೇ ಎಂದು ವಾದಿಸಲು ಇಲ್ಲಿ ಬಲವಾದ ಆಧಾರವಿದೆ.

ಹಾಗೆಂದು ಸಹಿಗೆ ಬೆಲೆಯೇ ಇಲ್ಲವೆಂದಲ್ಲ. ವ್ಯಾಯಾಮದಲ್ಲಿ ಸಹಜವಾಗಿಯೇ ಇರುವ ಅಪಾಯವೊಂದಿದೆ. ಮೈಕೈ ನೋವು, ಸಣ್ಣ ಉಳುಕು ಇವಕ್ಕೆಲ್ಲ ಮಾಲೀಕನನ್ನು ಎಳೆಯಲಾಗದು. ತಿಳಿದೂ ಒಪ್ಪಿದವನಿಗೆ ಅನ್ಯಾಯವಾಗಿಲ್ಲ ಎಂಬುದು ರೋಮನ್ನರ ಕಾಲದಿಂದ ಬಂದ ತತ್ತ್ವ. ಹುಡುಗ ಒಪ್ಪಿದ್ದು ಭಾರ ಎತ್ತುವ ಅಪಾಯವನ್ನು. ಸವೆದ ತಂತಿಯನ್ನು ಬದಲಿಸದೆ ಬಿಟ್ಟ ಅಲಕ್ಷ್ಯವನ್ನು ಅವನು ಒಪ್ಪಿರಲಿಲ್ಲ. ಈ ಎರಡರ ನಡುವಿನ ಗೆರೆಯೇ ಇಂಥ ವ್ಯಾಜ್ಯಗಳ ಜೀವಾಳ. ತರಬೇತುದಾರ ಬೇಡವೆಂದರೂ ಹುಡುಗ ಹೆಚ್ಚಿನ ಭಾರ ಎತ್ತಿದ್ದರೆ ಅವನ ಪಾಲಿನ ತಪ್ಪೂ ಲೆಕ್ಕಕ್ಕೆ ಬರುತ್ತದೆ, ಪರಿಹಾರ ಅಷ್ಟು ಕಡಿಮೆಯಾಗುತ್ತದೆ.

ಇನ್ನು ಹದಿನೇಳರ ಸಹಿ. 1872ರ ಭಾರತೀಯ ಕರಾರು ಕಾಯಿದೆಯ 11ನೇ ವಿಧಿಯಂತೆ ವಯಸ್ಸಿಗೆ ಬಂದವರು ಮಾತ್ರ ಕರಾರು ಮಾಡಬಲ್ಲರು. ಮೋಹರಿ ಬೀಬಿ ಮೊಕದ್ದಮೆಯಲ್ಲಿ 1903ರಲ್ಲೇ ಪ್ರಿವಿ ಕೌನ್ಸಿಲ್ ಅಪ್ರಾಪ್ತನ ಕರಾರು ಮೊದಲಿಂದಲೂ ಶೂನ್ಯ ಎಂದು ತೀರ್ಮಾನಿಸಿತು. ಆದ್ದರಿಂದ 18 ತುಂಬದ ಹುಡುಗನ ಸಹಿಯನ್ನು ಗುರಾಣಿ ಮಾಡಿಕೊಳ್ಳಲು ಜಿಮ್‌ಗೆ ಆಗದು. ಹಾಗಾದರೆ ಅವನಿಗೆ ಹಕ್ಕೂ ಇಲ್ಲವೇ? ಇದೆ. ಹಣ ಕೊಟ್ಟ ತಂದೆಯಷ್ಟೇ ಅಲ್ಲ, ಅವರ ಒಪ್ಪಿಗೆಯಿಂದ ಸೇವೆ ಪಡೆದ ಮಗನೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಗ್ರಾಹಕನೇ. ಅವನ ಪರವಾಗಿ ತಂದೆ ತಾಯಿ ದೂರು ಕೊಡಬಹುದು.

ಹೊಣೆಯನ್ನು ಹಂಚುವ ಬಗೆ

ಐದು ಜನರಲ್ಲಿ ಯಾರು ಎಂಬ ಪ್ರಶ್ನೆಗೆ ಉತ್ತರ ಬಹಳ ಸಲ ‘ಒಬ್ಬರಿಗಿಂತ ಹೆಚ್ಚು’ ಎಂದೇ ಇರುತ್ತದೆ. ಯಂತ್ರದ ತಯಾರಿಕೆಯಲ್ಲೇ ದೋಷವಿದ್ದರೆ 2019ರ ಕಾಯಿದೆ ತಯಾರಕರನ್ನೂ ಮಾರಿದವರನ್ನೂ ಹಿಡಿಯುತ್ತದೆ. ಯಂತ್ರ ಸರಿಯಿದ್ದು ನಿರ್ವಹಣೆ ಕೆಟ್ಟಿದ್ದರೆ ಜಿಮ್. ತರಬೇತುದಾರ ತಪ್ಪು ಹೇಳಿಕೊಟ್ಟರೆ ಅವನೂ ಅವನನ್ನು ನೇಮಿಸಿದವರೂ. ಮೆಟ್ಟಿಲು, ಲಿಫ್ಟ್, ವಿದ್ಯುತ್ ತಂತಿ, ತುರ್ತು ಬಾಗಿಲುಗಳಂಥ ಸಾಮಾನ್ಯ ಜಾಗದಲ್ಲಿ ಅನಾಹುತವಾದರೆ ಸಂಕೀರ್ಣದ ಮಾಲೀಕರು ಅಥವಾ ಅದನ್ನು ನೋಡಿಕೊಳ್ಳುವ ಸಂಘ.

ಹೊಣೆ ಹಂಚಿಕೆಗೆ ದೇಶದ ದೊಡ್ಡ ನಿದರ್ಶನ ದಿಲ್ಲಿಯ ಉಪಹಾರ್ ಚಿತ್ರಮಂದಿರ. 1997ರ ಜೂನ್ 13ರಂದು ಅಲ್ಲಿನ ಟ್ರಾನ್ಸ್‌ಫಾರ್ಮರಿನಿಂದ ಹೊತ್ತಿದ ಬೆಂಕಿಯ ಹೊಗೆಗೆ 59 ಜನ ಬಲಿಯಾದರು. 2011ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರದ ಹೊಣೆಯಲ್ಲಿ ನೂರಕ್ಕೆ 85 ಭಾಗವನ್ನು ಚಿತ್ರಮಂದಿರದ ಮೇಲೂ 15 ಭಾಗವನ್ನು ವಿದ್ಯುತ್ ಮಂಡಳಿಯ ಮೇಲೂ ಹೊರಿಸಿತು. ಟ್ರಾನ್ಸ್‌ಫಾರ್ಮರ್ ಮಂಡಳಿಯದೇ ಆದರೂ ಹೊರಬರುವ ದಾರಿ ಸರಿಯಾಗಿಡಬೇಕಿದ್ದುದು ಚಿತ್ರಮಂದಿರ.

ಬೆಂಗಳೂರಿನ ಪೂರ್ವಭಾಗದವರಿಗೆ ಈ ಪಾಠ ಮನೆಬಾಗಿಲಿಗೇ ಬಂದಿತ್ತು. 2010ರ ಫೆಬ್ರುವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ವಾಣಿಜ್ಯ ಕಟ್ಟಡದಲ್ಲಿ ಹೊಗೆ ತುಂಬಿ ಒಂಬತ್ತು ಜನ ಸತ್ತರು. ಕೆಲವರು ಉಸಿರಾಡಲಾರದೆ ಕಿಟಕಿಯಿಂದ ಜಿಗಿದರು. ಮಗನನ್ನು ಕಳೆದುಕೊಂಡ ಉದಯ್ ವಿಜಯನ್ ಅನಂತರ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಕಟ್ಟಿ ಅಗ್ನಿಸುರಕ್ಷೆಯ ಕೆಲಸಕ್ಕೆ ನಿಂತರು. 2023ರ ಅಕ್ಟೋಬರ್ 18ರಂದು ಕೋರಮಂಗಲದ ಬಹುಮಹಡಿ ವಾಣಿಜ್ಯ ಕಟ್ಟಡವೊಂದರ ಮೇಲಂತಸ್ತಿನ ಕೆಫೆಯಲ್ಲಿ ಬೆಂಕಿ ಹೊತ್ತಿದಾಗಲೂ ಪ್ರಾಣ ಉಳಿಸಿಕೊಳ್ಳಲು ಒಬ್ಬರು ಮೇಲಿನಿಂದ ಹಾರಬೇಕಾಯಿತು. ಬೆಂಕಿಗೆ ಯಾವ ಮಹಡಿ ಯಾರ ಬಾಡಿಗೆಯಲ್ಲಿದೆ ಎಂಬ ಭೇದವಿಲ್ಲ. ಹೊಗೆ ಮೇಲಕ್ಕೇ ಏರುವುದರಿಂದ ಮೇಲಿನ ಮಹಡಿಯಲ್ಲಿ ಕಿವಿಗೆ ಹಾಡು ತುಂಬಿಕೊಂಡು ಓಡುವವರಿಗೇ ಸುದ್ದಿ ಕೊನೆಗೆ ತಲಪುತ್ತದೆ.

ಕಟ್ಟಿದ ಹಣದ ಕಥೆ

ಗಾಯದ ವ್ಯಾಜ್ಯಕ್ಕಿಂತ ಹಣದ ವ್ಯಾಜ್ಯಕ್ಕೆ ಸಿಕ್ಕಿಬೀಳುವುದು ಸುಲಭ. ಬೇರೆ ಊರಿಗೆ ವರ್ಗವಾಯಿತು, ಪರೀಕ್ಷೆ ಬಂತು, ಜಿಮ್ಮೇ ಬಾಗಿಲು ಹಾಕಿತು. ಕಟ್ಟಿದ್ದೇನಾಯಿತು?

ಇಲ್ಲೊಂದು ಲೆಕ್ಕವಿದೆ. ಡೆಲ್ಲಾವಿನ್ಯಾ ಮತ್ತು ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಹೆಲ್ತ್ ಕ್ಲಬ್ಬುಗಳ 7,752 ಸದಸ್ಯರ ಹಾಜರಿಯನ್ನು ಮೂರು ವರ್ಷ ಪರಿಶೀಲಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಕಟ್ಟುವವರು ಹೋಗುತ್ತಿದ್ದುದು ಸರಾಸರಿ 4.3 ಸಲ. ಅಂದರೆ ಒಂದು ಸಲಕ್ಕೆ 17 ಡಾಲರಿಗೂ ಮಿಕ್ಕಿ. ಹತ್ತು ಸಲದ ಚೀಟಿ ಕೊಂಡಿದ್ದರೆ ಸಲಕ್ಕೆ ಹತ್ತೇ ಡಾಲರ್ ಆಗುತ್ತಿತ್ತು. ಮನುಷ್ಯ ತನ್ನ ನಾಳಿನ ಉತ್ಸಾಹವನ್ನು ಇಂದು ಹೆಚ್ಚಾಗಿ ಅಳೆಯುತ್ತಾನೆ. ಆ ತಪ್ಪಿನ ಮೇಲೆಯೇ ಎಷ್ಟೋ ಜಿಮ್‌ಗಳ ವ್ಯಾಪಾರ ನಿಂತಿದೆ. 2011ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಆಶ್‌ಬರ್ನ್ ಮೊಕದ್ದಮೆಯಲ್ಲಿ ಇದನ್ನೇ ಗುರುತಿಸಿ, ವರ್ಷಕ್ಕಿಂತ ದೀರ್ಘವಾಗಿ ಸದಸ್ಯರನ್ನು ಕಟ್ಟಿಹಾಕುತ್ತಿದ್ದ ಕರಾರುಗಳನ್ನು ಅನ್ಯಾಯದವೆಂದಿತು.

ಇನ್ನೊಂದು ಅಪಾಯ ಬಾಗಿಲು ಮುಚ್ಚುವುದು. 2020ರ ಮಾರ್ಚಿನಲ್ಲಿ ಕೊರೊನಾದಿಂದ ಮುಚ್ಚಿದ ಜಿಮ್‌ಗಳಿಗೆ ಮತ್ತೆ ತೆರೆಯಲು ಅನುಮತಿ ಸಿಕ್ಕಿದ್ದು ಆಗಸ್ಟ್ 5ಕ್ಕೆ. ಗಿರಾಕಿಗಳಿಲ್ಲದಿದ್ದರೂ ಬಾಡಿಗೆ ನಿಲ್ಲಲಿಲ್ಲ. ಜಾಗವನ್ನು ಬಿಡದೆ ಇಟ್ಟುಕೊಂಡು ಬಾಡಿಗೆ ಮಾತ್ರ ನಿಲ್ಲಿಸಿ ಎಂದು ಕೇಳಲು ಬಾಡಿಗೆದಾರನಿಗೆ ತಾನಾಗಿ ಹಕ್ಕಿಲ್ಲ ಎಂದು ದಿಲ್ಲಿ ಹೈಕೋರ್ಟ್ 2020ರ ಮೇ ತಿಂಗಳಲ್ಲಿ, ಖಾನ್ ಮಾರ್ಕೆಟ್ಟಿನ ಅಂಗಡಿಯೊಂದರ ಪ್ರಕರಣದಲ್ಲಿ ಹೇಳಿತು. ಮಾಲೀಕರಿಗೂ ಜಿಮ್‌ಗೂ ಹೀಗೆ ಜಗಳ ಹತ್ತಿ ಬೀಗ ಬಿದ್ದರೆ ಸದಸ್ಯರು ಕಟ್ಟಡದ ಮಾಲೀಕರಿಂದ ಹಣ ಕೇಳುವಂತಿಲ್ಲ. ಅವರ ಕರಾರು ಜಿಮ್‌ನ ಜೊತೆ ಮಾತ್ರ. ‘ಮೂರು ವರ್ಷಕ್ಕೆ ಕಟ್ಟಿದರೆ ಅರ್ಧ ಬೆಲೆ’ ಎಂಬ ಫಲಕದ ಮುಂದೆ ನಿಂತವರು ಒಂದು ಮಾತು ಕೇಳಿಕೊಳ್ಳಬೇಕು: ಈ ಜಾಗದ ಬಾಡಿಗೆ ಕರಾರು ಮೂರು ವರ್ಷಕ್ಕಿದೆಯೇ?

‘ಹಣ ಹಿಂತಿರುಗಿಸಲಾಗದು’ ಎಂಬ ಅಚ್ಚು ಕೂಡ ಬ್ರಹ್ಮಲಿಖಿತವಲ್ಲ. ಸೇವೆ ಕೊರತೆಯಾಗಿದ್ದು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಹೇಳದಿದ್ದರೆ 30 ದಿನಗಳೊಳಗೆ ಹಣ ಹಿಂತಿರುಗಿಸಲು ಒಪ್ಪದಿರುವುದನ್ನು 2019ರ ಕಾಯಿದೆ ಅನುಚಿತ ವ್ಯಾಪಾರ ಎಂದು ಕರೆಯುತ್ತದೆ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ನಷ್ಟಕ್ಕೆ ಹೋಲಿಸಿದರೆ ಅತಿಯಾದ ದಂಡ ವಿಧಿಸುವ ಕರಾರು ‘ಅನ್ಯಾಯದ ಕರಾರು’. ಅದನ್ನು ಶೂನ್ಯವೆಂದು ಸಾರುವ ಅಧಿಕಾರ ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗಿದೆ. ಆದರೆ ಜಿಮ್ ಸರಿಯಾಗಿ ನಡೆಯುತ್ತಿದ್ದು, ಹುಡುಗನೇ ಬೇಸರ ಬಂದು ಬಿಟ್ಟಿದ್ದರೆ ಪೂರ್ತಿ ಹಣ ಕೇಳುವುದು ನ್ಯಾಯವಲ್ಲ ಎಂಬುದನ್ನೂ ಮರೆಯಬಾರದು.

ದೂರು ಕೊಡುವುದು ಈಗ ಕಷ್ಟದ ಕೆಲಸವಲ್ಲ. ಮೊದಲು ಜಿಮ್‌ಗೆ ಲಿಖಿತವಾಗಿ ತಿಳಿಸಿ ಪ್ರತಿ ಇಟ್ಟುಕೊಳ್ಳಬೇಕು. ಬಗೆಹರಿಯದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಹಣ 50 ಲಕ್ಷ ರೂಪಾಯಿವರೆಗಿನ ದೂರುಗಳೆಲ್ಲ ಅಲ್ಲಿಗೇ. 5 ಲಕ್ಷದವರೆಗೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ದೂರುದಾರ ತಾನು ವಾಸಿಸುವ ಊರಿನಲ್ಲೇ ದೂರು ಕೊಡಬಹುದು, ಆದರೆ ಎರಡು ವರ್ಷದೊಳಗೆ.

ಮೈಯ ಮಾತು

ಹೊಣೆಯ ಒಂದು ಪಾಲು ಮೈ ಹೊತ್ತವನದೇ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ವ್ಯಾಯಾಮದ ನಂತರ ಅಸ್ವಸ್ಥರಾಗಿ, 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ನಾಡೇ ಜಿಮ್‌ಗಳ ಕಡೆ ಅನುಮಾನದಿಂದ ನೋಡಿತು. ವ್ಯಾಯಾಮವೇ ಹೃದಯದ ಶತ್ರು ಎಂದು ತಿಳಿಯುವುದು ತಪ್ಪು. ಹದವಾದ ವ್ಯಾಯಾಮ ಹೃದಯವನ್ನು ಕಾಯುತ್ತದೆ. ಆದರೆ ಹೃದಯ ಹಠಾತ್ತನೆ ನಿಂತಾಗ ಎದೆ ಒತ್ತುವ ಪ್ರಥಮ ಚಿಕಿತ್ಸೆಯೂ ವಿದ್ಯುತ್ ಆಘಾತ ಕೊಡುವ ಉಪಕರಣವೂ ಸಿಗದೆ ಕಳೆದ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆ. ಸಂಜೆಯ ಹೊತ್ತು ಇಕ್ಕಟ್ಟಾದ ಬೀದಿಯಲ್ಲಿ ಆಂಬುಲೆನ್ಸ್ ಬಂದು, ಆಳುಗಳು ಮೂರು ಮಹಡಿ ಹತ್ತುವ ಹೊತ್ತಿಗೆ ಎಷ್ಟು ನಿಮಿಷವಾದೀತೆಂದು ಓದುಗರೇ ಲೆಕ್ಕ ಹಾಕಬಹುದು. ಆದ್ದರಿಂದ ಆ ಉಪಕರಣ ಮತ್ತು ಅದನ್ನು ಬಳಸಬಲ್ಲ ಒಬ್ಬರಾದರೂ ಜಿಮ್‌ನ ಒಳಗೇ ಇರಬೇಕು.

ಹರೆಯದವರಿಗೆ ಬೇರೊಂದು ಎಚ್ಚರ. ಮೊದಲ ವಾರದಲ್ಲೇ ಗೆಳೆಯರ ಪಂದ್ಯಕ್ಕೆ ಬಿದ್ದು ನೂರಾರು ಬಸ್ಕಿ ಹೊಡೆದರೆ ಸ್ನಾಯುವಿನ ಎಳೆಗಳೇ ಒಡೆದು ಮಯೋಗ್ಲೋಬಿನ್ ಎಂಬ ವಸ್ತು ರಕ್ತಕ್ಕೆ ಸೇರಬಹುದು. ಅದು ಮೂತ್ರಪಿಂಡಕ್ಕೆ ಮಾರಕ. ವಿಪರೀತ ನೋವು, ಬಾವು, ಚಹಾದ ಬಣ್ಣದ ಮೂತ್ರ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಿಂದಿನ ಉಸ್ತಾದ ಹೊಸಬನಿಗೆ ಮೊದಲ ದಿನವೇ ಗದೆ ಕೊಡುತ್ತಿರಲಿಲ್ಲ ಎಂಬುದು ನೆನಪಿರಲಿ.

ಮೆಟ್ಟಿಲು ಹತ್ತುವ ಮುನ್ನ

ಮಗನೋ ಮಗಳೋ ಜಿಮ್ ಸೇರುತ್ತೇನೆಂದರೆ ತಂದೆ ತಾಯಿ ಒಂದು ಸಂಜೆ ಜೊತೆಗೆ ಹೋಗಿ ನೋಡುವುದು ಒಳ್ಳೆಯದು. ಪಾಲಿಕೆಯ ಉದ್ದಿಮೆ ಪರವಾನಗಿ ಕೇಳಬೇಕು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ನಗರ ಪಾಲಿಕೆಗಳಾದ ಮೇಲೆ ಶಿವಾಜಿನಗರ ಭಾಗ ಕೇಂದ್ರ ನಗರ ಪಾಲಿಕೆಗೆ ಸೇರಿದೆ. ಎರಡನೇ ಮೆಟ್ಟಿಲು ಎಲ್ಲಿದೆ, ಅದರ ಬಾಗಿಲಿಗೆ ಬೀಗವಿದೆಯೇ, ಅಲ್ಲಿ ಬಟ್ಟೆಯ ಮೂಟೆ ತುಂಬಿದ್ದಾರೆಯೇ ನೋಡಬೇಕು. ಯಂತ್ರದ ತಂತಿಯ ಎಳೆ ಬಿಚ್ಚಿಕೊಂಡಿದೆಯೇ, ನೆಲದ ರಬ್ಬರ್ ಎಷ್ಟು ದಪ್ಪ, ತರಬೇತುದಾರ ಯಾರು, ಏನು ಕಲಿತವನು ಎಂದು ವಿಚಾರಿಸಬೇಕು. ತಿಂಗಳಿಗೋ ಮೂರು ತಿಂಗಳಿಗೋ ಕಟ್ಟಿ ರಸೀದಿ ಪಡೆಯಬೇಕು. 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಯ ಮೇಲಿನ ಜಿಎಸ್‌ಟಿ ನೂರಕ್ಕೆ 18ರಿಂದ 5ಕ್ಕೆ ಇಳಿದಿದೆ. ರಸೀದಿಯಲ್ಲಿ ಎಷ್ಟು ಹಾಕಿದ್ದಾರೆಂದು ನೋಡುವುದೂ ಮಕ್ಕಳಿಗೆ ಒಂದು ಗಣಿತ ಪಾಠ. ಕೊನೆಯದಾಗಿ ಹಿಂಭಾಗದ ಸಣ್ಣ ಅಕ್ಷರಗಳನ್ನು ಮಗನಿಂದಲೇ ಗಟ್ಟಿಯಾಗಿ ಓದಿಸಬೇಕು. ಒಪ್ಪದ ಸಾಲನ್ನು ಹೊಡೆದು ಹಾಕಿ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ಮೊದಲು ಹೇಳಿದ ಹುಡುಗನ ಪ್ರಕರಣಕ್ಕೆ ಈಗ ಉತ್ತರ ಹೊಳೆಯುತ್ತದೆ. ಅವನ ಸಹಿ ಅವನನ್ನು ಕಟ್ಟಿಹಾಕುವುದಿಲ್ಲ. ತಂತಿ ಸವೆದಿತ್ತೆಂಬುದಕ್ಕೆ ಫೋಟೋ, ಸಾಕ್ಷಿ, ವೈದ್ಯರ ಚೀಟಿ, ಹಣದ ರಸೀದಿ ಇದ್ದರೆ ತಂದೆ ಗ್ರಾಹಕ ಆಯೋಗದ ಬಾಗಿಲು ಬಡಿಯಬಹುದು. ಪರಿಹಾರವೂ ಸಿಕ್ಕೀತು. ಆದರೆ ಭುಜ ಮೊದಲಿನಂತಾಗುವುದು ಆಯೋಗದ ಕೈಯಲ್ಲಿಲ್ಲ. ತಂತಿಯನ್ನು ಮೊದಲ ದಿನ ನೋಡಿದ್ದರೆ ಅಷ್ಟು ದೂರ ಹೋಗಬೇಕಾಗಿಯೇ ಇರಲಿಲ್ಲ.

ಗರಡಿ ಮೂರನೇ ಮಹಡಿಗೆ ಏರಿದ್ದು ತಪ್ಪಲ್ಲ. ಊರು ಬೆಳೆದಂತೆ ಅದೂ ಏರಿತು. ಮೇಲೆ ಹೋಗುವಾಗ ಹೊಣೆಯನ್ನು ಕೆಳಗೇ ಬಿಟ್ಟು ಹೋಗಬಾರದು, ಅಷ್ಟೆ.